ಆನ್‌ಲೈನ್‌ನಲ್ಲಿ ನಿಮ್ಮ ವೈಯಕ್ತಿಕ ಮಾಹಿತಿ: ಯಾವ ಕಾನೂನು, ಯಾರಿಗೆ ದೂರು, ಯಾವ ಕ್ರಮದಲ್ಲಿ

ಅಂಗಡಿಯಲ್ಲಿ ಹೇಳಿದ ಮೊಬೈಲ್ ನಂಬರ್, ಸಾಲದ ಆ್ಯಪ್‌ಗೆ ಕೊಟ್ಟ ಪ್ಯಾನ್, ಲ್ಯಾಬ್‌ನವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ರಕ್ತಪರೀಕ್ಷೆಯ ವರದಿ. ಇವೆಲ್ಲ ಒಮ್ಮೆ ಕೈಬಿಟ್ಟು ಹೋದರೆ ಮುಗಿಯಿತು, ಕೇಳುವವರೇ ಇಲ್ಲ ಎಂದು ನಂಬಿದವರು ನಮ್ಮಲ್ಲಿ ಬಹಳ. ಆದರೆ ಕೇಳುವುದಕ್ಕೆ ಕಾನೂನುಗಳಿವೆ, ಅದೂ ಐದಾರು. ಅವು ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿವೆ ಎನ್ನುವುದೇ ತೊಡಕು. ಬ್ಯಾಂಕಿನ ವಿಷಯಕ್ಕೆ ರಿಸರ್ವ್ ಬ್ಯಾಂಕ್, ಕೊಂಡ ಸರಕಿನ ವಿಷಯಕ್ಕೆ ಗ್ರಾಹಕ ಆಯೋಗ, ಮೋಸಕ್ಕೆ ಪೊಲೀಸ್, ಪರಿಹಾರಕ್ಕೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಅಧಿಕಾರಿ. ತಪ್ಪು ಕಚೇರಿಗೆ ಹೋದವರಿಗೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಸಿಗುತ್ತದೆ, ಅಲ್ಲಿಗೆ ಅವರು ಕೈಚೆಲ್ಲುತ್ತಾರೆ. ಹಾಗಾಗಬಾರದು ಎಂಬುದಕ್ಕೇ ಈ ಮಾರ್ಗದರ್ಶಿ.

ವೈಯಕ್ತಿಕ ಮಾಹಿತಿ ಕಾಪಾಡುವ 2023ರ ಹೊಸ ಕಾಯ್ದೆ ಪೂರ್ತಿ ಜಾರಿಗೆ ಬರಲಿ, ಆಮೇಲೆ ನೋಡೋಣ ಎಂದು ಕಾಯುತ್ತಿರುವವರಿಗೆ ಮೊದಲೇ ಒಂದು ಮಾತು: ಕಾಯಬೇಡಿ. ಇಂದು ನಿಮ್ಮ ಕೈಯಲ್ಲಿರುವ ಒಂದು ಹಕ್ಕು ಆ ಕಾಯ್ದೆ ಬಂದ ದಿನ ಇಲ್ಲವಾಗುತ್ತದೆ.

ಈಗ ಇರುವುದು, ಮುಂದೆ ಬರುವುದು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಕೋರ್ಟಿನ ಮೆಟ್ಟಿಲೇರಿದಾಗ ಎಂಬತ್ತು ದಾಟಿತ್ತು. ಇಂದು ದೇಶದ ಯಾವ ಕೋರ್ಟಿನಲ್ಲಿ ಖಾಸಗಿತನದ ಮಾತು ಬಂದರೂ ಅವರ ಹೆಸರಿನಲ್ಲಿರುವ ಆ ತೀರ್ಪನ್ನೇ ಎತ್ತಿ ಹೇಳುತ್ತಾರೆ. ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಅದು.

ಆ ತೀರ್ಪಿನ ಬೆನ್ನಿಗೆ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು ಡಿಪಿಡಿಪಿ ಎನ್ನುತ್ತಾರೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಜಾರಿ ಮೂರು ಕಂತುಗಳಲ್ಲಿ. ದತ್ತಾಂಶ ಸಂರಕ್ಷಣಾ ಮಂಡಳಿಯ ರಚನೆಗೆ ಸಂಬಂಧಿಸಿದ ಭಾಗ ತಕ್ಷಣಕ್ಕೆ, ಒಪ್ಪಿಗೆ ನಿರ್ವಾಹಕರ (ನಿಮ್ಮ ಪರವಾಗಿ ಒಪ್ಪಿಗೆ ಕೊಡುವ, ಹಿಂಪಡೆಯುವ ಕೆಲಸ ನೋಡಿಕೊಳ್ಳುವ ಸಂಸ್ಥೆಗಳ) ನೋಂದಣಿ ಒಂದು ವರ್ಷಕ್ಕೆ, ಉಳಿದದ್ದು 18 ತಿಂಗಳಿಗೆ. ಗ್ರಾಹಕರಾದ ನಮಗೆ ನಿಜವಾಗಿ ಬೇಕಾದ ಒಪ್ಪಿಗೆಯ ನಿಯಮ, ಅಳಿಸುವ ಹಕ್ಕು, ಮಂಡಳಿಗೆ ದೂರು, ದಂಡ ಎಲ್ಲವೂ ಆ ಮೂರನೇ ಕಂತಿನಲ್ಲಿವೆ. ಅಂದರೆ 2027ರ ಮೇ.

ಅಲ್ಲಿಯವರೆಗೆ ನಡೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000. ಅದರ 43ಎ ಸೆಕ್ಷನ್ ಪ್ರಕಾರ ಕಂಪನಿಯೊಂದು ನಿಮ್ಮ ಸೂಕ್ಷ್ಮ ಮಾಹಿತಿಯನ್ನು ಕಾಪಾಡುವುದರಲ್ಲಿ ಅಸಡ್ಡೆ ತೋರಿ ನಿಮಗೆ ನಷ್ಟವಾದರೆ ನಿಮಗೇ ಪರಿಹಾರ ಕೊಡಬೇಕು. ಯಾವುದು ಸೂಕ್ಷ್ಮ ಎಂಬುದನ್ನು 2011ರ ನಿಯಮಗಳು ಹೇಳುತ್ತವೆ: ಪಾಸ್‌ವರ್ಡ್, ಬ್ಯಾಂಕ್ ಖಾತೆ ಮತ್ತು ಕಾರ್ಡಿನ ವಿವರ, ಆರೋಗ್ಯದ ಸ್ಥಿತಿ, ವೈದ್ಯಕೀಯ ದಾಖಲೆ, ಲೈಂಗಿಕ ಒಲವು, ಬೆರಳಚ್ಚಿನಂತಹ ಬಯೋಮೆಟ್ರಿಕ್. ಬರೀ ಹೆಸರು, ವಿಳಾಸ, ಫೋನ್ ನಂಬರ್ ಈ ಪಟ್ಟಿಯಲ್ಲಿಲ್ಲ. ಇದು ದೊಡ್ಡ ಕೊರತೆ.

ಡಿಪಿಡಿಪಿ ಈ ಕೊರತೆಯನ್ನು ತುಂಬುತ್ತದೆ. ನಿಮ್ಮನ್ನು ಗುರುತಿಸಬಲ್ಲ ಯಾವ ಡಿಜಿಟಲ್ ಮಾಹಿತಿಯೂ ಅದರ ಅಡಿಯಲ್ಲಿ ಬರುತ್ತದೆ. ಭದ್ರತೆಯಲ್ಲಿ ಎಡವಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯನ್ನು ಮುಚ್ಚಿಟ್ಟರೆ 200 ಕೋಟಿವರೆಗೆ ದಂಡ. ಆದರೆ ಆ ಹಣ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಒಂದು ರೂಪಾಯಿಯೂ ಇಲ್ಲ. ಜೊತೆಗೆ, ಇದೇ ಕಾಯ್ದೆಯ 44ನೇ ಸೆಕ್ಷನ್ ಐಟಿ ಕಾಯ್ದೆಯ 43ಎಯನ್ನು ತೆಗೆದುಹಾಕುತ್ತದೆ. ನೊಂದವರ ಕೈಯಲ್ಲಿದ್ದ ಪರಿಹಾರದ ಹಕ್ಕನ್ನು ಕಿತ್ತು ಬದಲಿಗೆ ಏನನ್ನೂ ಕೊಡದಿರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಸಂಸತ್ತು ಇದನ್ನು ತಿದ್ದಬೇಕು. ತಿದ್ದುವವರೆಗೆ, ಇರುವ ಹಕ್ಕನ್ನು ಇರುವಾಗಲೇ ಬಳಸಿಕೊಳ್ಳುವುದು ಜಾಣತನ.

ಹಂತ 1: ಕೊಡುವ ಮೊದಲು

ಬಿಲ್ ಕೌಂಟರಿನಲ್ಲಿ ನಂಬರ್ ಕೇಳಿದರೆ "ಬೇಡ, ಬಿಲ್ ಕಾಗದದಲ್ಲೇ ಕೊಡಿ" ಎನ್ನಿ. ನಂಬರ್ ಹೇಳದಿದ್ದರೆ ಬಿಲ್ ಮಾಡುವುದಿಲ್ಲ ಎನ್ನುವಂತಿಲ್ಲ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿದೆ. ಕೌಂಟರಿನ ಹುಡುಗನ ಜೊತೆ ಜಗಳ ಬೇಡ, ಅವನಿಗೆ ಸಾಫ್ಟ್‌ವೇರ್ ಮುಂದೆ ಹೋಗದಿರುವುದೇ ಚಿಂತೆ. ಮ್ಯಾನೇಜರನ್ನು ಕರೆಸಿ. ಆದರೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಆಧಾರ್ ಪ್ರತಿ ಕೇಳಿದ ಕಡೆಯೆಲ್ಲ ಪೂರ್ತಿ ನಂಬರ್ ಇರುವ ಜೆರಾಕ್ಸ್ ಕೊಡುವ ಅಭ್ಯಾಸವನ್ನು ಇಂದೇ ಬಿಡಿ. ಆಧಾರ್ ಜಾಲತಾಣದಿಂದ ಮಾಸ್ಕ್ಡ್ ಆಧಾರ್ ಇಳಿಸಿಕೊಂಡರೆ ಮೊದಲ 8 ಅಂಕಿಗಳು ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ನಂಬರನ್ನೇ ಹಾಕಬೇಕಾದ ಕಡೆ 16 ಅಂಕಿಯ ವರ್ಚುವಲ್ ಐಡಿ ಬಳಸಬಹುದು. ಬೇಕೆಂದಾಗ ಅದನ್ನು ಬದಲಾಯಿಸಲೂ ಬರುತ್ತದೆ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನ ನಂತರ ಖಾಸಗಿ ಸಂಸ್ಥೆ ಆಧಾರ್ ಒಂದೇ ಆಗಬೇಕೆಂದು ಪಟ್ಟು ಹಿಡಿಯುವಂತಿಲ್ಲ. ಹೋಟೆಲ್, ಜಿಮ್, ಪಿಜಿ ಎಲ್ಲೇ ಆಗಲಿ ಡ್ರೈವಿಂಗ್ ಲೈಸೆನ್ಸ್ ಅಥವಾ ಮತದಾರರ ಚೀಟಿ ಕೊಡುತ್ತೇನೆ ಎನ್ನಿ. ಜೆರಾಕ್ಸ್ ಕೊಡಲೇಬೇಕಾಗಿ ಬಂದರೆ ಅದರ ಮೇಲೆ ಅಡ್ಡಲಾಗಿ "ಇಂಥ ಕೆಲಸಕ್ಕೆ ಮಾತ್ರ" ಎಂದು ಬರೆದು ತಾರೀಕು ಹಾಕಿ ಸಹಿ ಮಾಡಿ.

ಬೆರಳಚ್ಚಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2023ರಲ್ಲಿ ಮಂಗಳೂರು, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ ಒಟಿಪಿ ಕೂಡ ಬಾರದೆ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ವಿವರ ಬಳಸಿ ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ವಂಚಕರು ಹಣ ಎತ್ತಿದ್ದರು. ಪಾಸ್‌ವರ್ಡ್ ಬದಲಾಯಿಸಬಹುದು, ಬೆರಳು ಬದಲಾಯಿಸಲಾಗದು. ಆದ್ದರಿಂದ ಎಂಆಧಾರ್ ಆ್ಯಪ್ ಅಥವಾ ಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ. ಪಡಿತರ, ಸಿಮ್, ನೋಂದಣಿ ಹೀಗೆ ಬೆರಳು ಕೊಡಬೇಕಾದಾಗ ಸ್ವಲ್ಪ ಹೊತ್ತಿಗೆ ಬಿಡಿಸಿಕೊಂಡರೆ ಸಾಕು. ಮನೆಯಲ್ಲಿ ಸ್ಮಾರ್ಟ್‌ಫೋನ್ ಬಳಸದ ಹಿರಿಯರಿದ್ದರೆ ಅವರದನ್ನು ಮೊದಲು ಮಾಡಿಕೊಡಿ, ಆದರೆ ತಿಂಗಳ ಪಡಿತರಕ್ಕೆ ಬಿಡಿಸುವುದನ್ನು ಮರೆತು ಅವರು ಅಂಗಡಿಯಿಂದ ಬರಿಗೈಯಲ್ಲಿ ಬರುವಂತಾಗಬಾರದು.

ಆ್ಯಪ್ ಕೇಳುವ ಪರ್ಮಿಷನ್‌ಗಳಿಗೆ ಒಂದು ಸರಳ ಅಳತೆಗೋಲು ಇದೆ: ಆ ಕೆಲಸಕ್ಕೆ ಅದು ಬೇಕೇ? ಡಿಪಿಡಿಪಿ ಕಾಯ್ದೆಯೇ ಇದಕ್ಕೆ ಉದಾಹರಣೆ ಕೊಡುತ್ತದೆ. ಫೋನಿನಲ್ಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿತು, ನೀವು ಎರಡಕ್ಕೂ ಒಪ್ಪಿದಿರಿ. ಕಾಂಟ್ಯಾಕ್ಟ್ ಪಟ್ಟಿ ಆ ಸೇವೆಗೆ ಬೇಕಿಲ್ಲವಾದ್ದರಿಂದ ನಿಮ್ಮ ಒಪ್ಪಿಗೆ ವೈದ್ಯಕೀಯ ಸಲಹೆಗೆ ಮಾತ್ರ ಸೀಮಿತ ಎನ್ನುತ್ತದೆ ಕಾನೂನು. ನೀವು "ಅಲೋ" ಒತ್ತಿದ್ದೀರಿ ಎನ್ನುವ ಕಾರಣಕ್ಕೆ ಎಲ್ಲವೂ ಅವರದಾಗುವುದಿಲ್ಲ.

ಸಾಲದ ಆ್ಯಪ್‌ಗಳಿಗೆ ಇದು ಈಗಾಗಲೇ ಕಡ್ಡಾಯ. ಫೋನಿನ ಫೈಲುಗಳು, ಫೋಟೊಗಳು, ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ದಾಖಲೆ ಇವನ್ನು ಅವು ಮುಟ್ಟುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿ, 2025ರ ಡಿಜಿಟಲ್ ಸಾಲದ ನಿರ್ದೇಶನಗಳಲ್ಲೂ ಉಳಿಸಿಕೊಂಡಿದೆ. ಕೆವೈಸಿಗಾಗಿ ಕ್ಯಾಮೆರಾ, ಮೈಕ್, ಲೊಕೇಶನ್ ಒಂದು ಸಲ ಕೇಳಬಹುದು, ಅದೂ ನಿಮ್ಮ ಸ್ಪಷ್ಟ ಒಪ್ಪಿಗೆ ಪಡೆದು. ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳು ಬಳಸುವ ಸಾಲದ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಆ ಪಟ್ಟಿಯಲ್ಲಿ ಇಲ್ಲದ, ಕಾಂಟ್ಯಾಕ್ಟ್ ಪಟ್ಟಿ ಕೇಳುವ ಆ್ಯಪ್ ಎಷ್ಟೇ ಬೇಗ ಸಾಲ ಕೊಡಲಿ, ಹತ್ತಿರ ಸೇರಿಸಬೇಡಿ. ಕಂತು ಒಂದು ದಿನ ತಪ್ಪಿದರೆ ನಿಮ್ಮ ಅತ್ತೆಮಾವನಿಗೆ, ಆಫೀಸಿನವರಿಗೆ ಅವಮಾನದ ಮೆಸೇಜ್ ಹೋಗುವುದು ಆ ಪಟ್ಟಿಯಿಂದಲೇ.

ಇನ್ನು "ಒಪ್ಪುತ್ತೇನೆ" ಬಟನ್ ದೊಡ್ಡದಾಗಿ ಹಸಿರು ಬಣ್ಣದಲ್ಲಿ, "ಬೇಡ" ಎಂಬುದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇರುವ ಜಾಲತಾಣಗಳು. ಇಂಥ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಡಾರ್ಕ್ ಪ್ಯಾಟರ್ನ್ ಎಂದು ಕರೆದು, 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಖರೀದಿಗೆ ಬೇಡದ ಆಧಾರ್ ಅಥವಾ ಕ್ರೆಡಿಟ್ ಕಾರ್ಡ್ ವಿವರವನ್ನು ಒತ್ತಾಯದಿಂದ ಪಡೆಯುವುದೂ ಅದರಲ್ಲಿ ಸೇರಿದೆ. ಕಂಡಲ್ಲಿ ಸ್ಕ್ರೀನ್‌ಶಾಟ್ ತೆಗೆದು 1915ಕ್ಕೆ ದೂರು ಕೊಡಿ.

ಹಂತ 2: ಯಾರ ಬಳಿ ಏನಿದೆ ಎಂದು ಪತ್ತೆ ಮಾಡಿ

ಮೂರು ಕಡೆ ನೋಡಿದರೆ ಹೆಚ್ಚಿನದು ಗೊತ್ತಾಗುತ್ತದೆ, ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ತಿಳಿಯುತ್ತದೆ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ "ನನ್ನದಲ್ಲ" ಎಂದು ಗುರುತು ಹಾಕಬಹುದು. ಆಧಾರ್ ಜಾಲತಾಣದಲ್ಲಿ ದೃಢೀಕರಣ ಇತಿಹಾಸ ತೆರೆದರೆ ಹಿಂದಿನ ತಿಂಗಳುಗಳಲ್ಲಿ ನಿಮ್ಮ ಆಧಾರ್ ಯಾವಾಗ, ಯಾವ ವಿಧಾನದಲ್ಲಿ ಬಳಕೆಯಾಯಿತು ಎಂಬುದು ಸಾಲಾಗಿ ಸಿಗುತ್ತದೆ.

ಮೂರನೆಯದು ಕ್ರೆಡಿಟ್ ವರದಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮಾಹಿತಿ ತಪ್ಪಾಗಿದ್ದರೆ ತಿದ್ದಿಸುವ ಹಕ್ಕು ಇಲ್ಲಿರುವಷ್ಟು ಗಟ್ಟಿಯಾಗಿ ಬೇರೆಲ್ಲೂ ಇಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನೀವು ಮಾಡದ ಸಾಲ, ತೀರಿಸಿದ ಮೇಲೂ ಬಾಕಿ ಎಂದು ತೋರಿಸುವ ಸಾಲ, ಯಾರೋ ನಿಮ್ಮ ಪ್ಯಾನ್ ಹಾಕಿ ಎತ್ತಿದ ಸಾಲ ಎಲ್ಲ ಅಲ್ಲಿ ಕಾಣುತ್ತವೆ. ದೂರು ಕೊಟ್ಟ 30 ದಿನದೊಳಗೆ ತಿದ್ದಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರು ಕೊಟ್ಟ ದಿನದ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಂಡವರಿಗೆ ಮಾತ್ರ ಈ ಲೆಕ್ಕ ಕೇಳಲು ಆಗುತ್ತದೆ.

ಹಂತ 3: ಅಳಿಸುವ ಮುಂಚೆ ಸಾಕ್ಷ್ಯ

ತೊಂದರೆ ಕಂಡ ಕೂಡಲೇ ಆ್ಯಪ್ ಕಿತ್ತುಹಾಕುವುದು, ಚಾಟ್ ಅಳಿಸುವುದು ಸಹಜ. ಆದರೆ ದೂರು ಬಿದ್ದುಹೋಗುವುದು ಅಲ್ಲಿಯೇ. ಮೊದಲು ಪರ್ಮಿಷನ್ ಪುಟ, ಬಂದ ಮೆಸೇಜುಗಳು, ಕರೆಗಳ ಪಟ್ಟಿ, ಹಣ ಹೋದ ಎಸ್ಎಂಎಸ್ ಇವುಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ತಾರೀಕು, ಸಮಯ, ಕಳಿಸಿದವರ ನಂಬರ್ ಕಾಣುವಂತಿರಲಿ. ಆ ಸಂಸ್ಥೆಯ ಪ್ರೈವೆಸಿ ಪಾಲಿಸಿಯನ್ನು ಅದೇ ದಿನ ಪಿಡಿಎಫ್ ಮಾಡಿಟ್ಟುಕೊಳ್ಳಿ, ನಾಳೆ ಅದು ಬದಲಾಗಬಹುದು. ಖರೀದಿಯ ಬಿಲ್ ಇರಲಿ. ಮೂಲ ಫೋನ್ ಮತ್ತು ಮೂಲ ಮೆಸೇಜುಗಳನ್ನು ಹಾಗೇ ಉಳಿಸಿ. ಪೊಲೀಸರಿಗೂ ಕೋರ್ಟಿಗೂ ನಕಲಿಗಿಂತ ಮೂಲ ಮುಖ್ಯ.

ಹಂತ 4: ಕುಂದುಕೊರತೆ ಅಧಿಕಾರಿಗೆ ಪತ್ರ

ಹಣ ಹೋಗಿದ್ದರೆ ಈ ಹಂತವನ್ನು ಬಿಟ್ಟು ನೇರ ಐದನೆಯದಕ್ಕೆ ಹೋಗಿ. ಉಳಿದ ಎಲ್ಲದಕ್ಕೂ ಪತ್ರವೇ ಮೊದಲು.

ನಿಮ್ಮ ಸೂಕ್ಷ್ಮ ಮಾಹಿತಿ ಇಟ್ಟುಕೊಂಡಿರುವ ಪ್ರತಿ ಕಂಪನಿಯೂ 2011ರ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಹೆಸರು ಮತ್ತು ಸಂಪರ್ಕವನ್ನು ಜಾಲತಾಣದಲ್ಲಿ ಹಾಕಬೇಕು; ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. ಸಾಮಾನ್ಯವಾಗಿ ಪ್ರೈವೆಸಿ ಪಾಲಿಸಿಯ ತೀರಾ ಕೊನೆಯಲ್ಲಿ ಆ ವಿವರ ಇರುತ್ತದೆ. ಕಸ್ಟಮರ್ ಕೇರ್‌ಗೆ ಹತ್ತು ಸಲ ಫೋನ್ ಮಾಡುವುದಕ್ಕಿಂತ ಈ ಅಧಿಕಾರಿಗೆ ಒಂದು ಇಮೇಲ್ ಹೆಚ್ಚು ಬೆಲೆಬಾಳುತ್ತದೆ, ಏಕೆಂದರೆ ಮುಂದಿನ ಯಾವ ಕಚೇರಿಗೆ ಹೋದರೂ "ಕಂಪನಿಗೆ ಬರೆದಿದ್ದೀರಾ?" ಎಂಬುದೇ ಮೊದಲ ಪ್ರಶ್ನೆ.

ಪತ್ರ ಚಿಕ್ಕದಿರಲಿ. ಸಿಟ್ಟನ್ನು ಹೊರಗಿಟ್ಟು ತಾರೀಕುಗಳನ್ನು ಒಳಗಿಡಿ. ಈ ಮಾದರಿಯನ್ನು ನಿಮ್ಮ ಸಂಗತಿಗೆ ಹೊಂದಿಸಿಕೊಳ್ಳಬಹುದು:

"ಮಾನ್ಯ ಕುಂದುಕೊರತೆ ಅಧಿಕಾರಿಗಳಿಗೆ,

ನಾನು ತಮ್ಮ ಗ್ರಾಹಕ. ನನ್ನ ಖಾತೆ/ಆರ್ಡರ್ ಸಂಖ್ಯೆ ______. ದಿನಾಂಕ ______ರಂದು ______ ಸೇವೆಗಾಗಿ ನನ್ನ ______ ಮಾಹಿತಿಯನ್ನು ತಮಗೆ ಕೊಟ್ಟಿದ್ದೆ. ದಿನಾಂಕ ______ರಿಂದ ಅದೇ ಮಾಹಿತಿಯನ್ನು ಉಲ್ಲೇಖಿಸಿ ಅಪರಿಚಿತರಿಂದ ಕರೆ/ಸಂದೇಶ ಬರುತ್ತಿವೆ. ಪ್ರತಿಗಳನ್ನು ಲಗತ್ತಿಸಿದ್ದೇನೆ.

ದಯವಿಟ್ಟು ಈ ಕೆಳಗಿನವುಗಳಿಗೆ ಲಿಖಿತ ಉತ್ತರ ಕೊಡಿ: 1) ನನ್ನ ಯಾವ ಯಾವ ಮಾಹಿತಿ ತಮ್ಮಲ್ಲಿದೆ; 2) ಅದನ್ನು ಯಾರಿಗೆ, ಯಾವ ಕಾರಣಕ್ಕೆ ಕೊಟ್ಟಿದ್ದೀರಿ; 3) ಸೋರಿಕೆ ಆಗಿದೆಯೇ, ಆಗಿದ್ದರೆ ಯಾವಾಗ.

ಪ್ರಚಾರದ ಉದ್ದೇಶಕ್ಕೆ ಹಾಗೂ ಬೇರೆಯವರೊಂದಿಗೆ ಹಂಚಿಕೊಳ್ಳುವುದಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಈ ಪತ್ರದ ಮೂಲಕ ಹಿಂಪಡೆದಿದ್ದೇನೆ. ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದದ್ದನ್ನು ಬಿಟ್ಟು ಉಳಿದ ಮಾಹಿತಿಯನ್ನು ಅಳಿಸಿ, ಅಳಿಸಿದ್ದನ್ನು ದೃಢಪಡಿಸಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ ಮತ್ತು 2011ರ ನಿಯಮಗಳ 5ನೇ ನಿಯಮದ ಪ್ರಕಾರ ಒಂದು ತಿಂಗಳೊಳಗೆ ಉತ್ತರ ನಿರೀಕ್ಷಿಸುತ್ತೇನೆ.

ಇಂತಿ, ______"

ಇಮೇಲ್‌ನಲ್ಲಿ ಕಳಿಸಿ, ಉತ್ತರ ಬಾರದಿದ್ದರೆ ಕಂಪನಿಯ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಒಂದು ಎಚ್ಚರ: ಈ ಪತ್ರದ ಜೊತೆ ಆಧಾರ್ ಪ್ರತಿ ಲಗತ್ತಿಸಬೇಡಿ. ಸೋರಿದೆ ಎಂದು ದೂರು ಹೇಳುತ್ತಲೇ ಹೊಸದನ್ನು ಒಪ್ಪಿಸಿದಂತಾಗುತ್ತದೆ. ಗುರುತಿಗೆ ನೋಂದಾಯಿತ ಇಮೇಲ್‌ನಿಂದ ಬರೆದರೆ ಸಾಕು.

ಹಂತ 5: ಯಾವ ತೊಂದರೆಗೆ ಯಾವ ಬಾಗಿಲು

ಹಣ ಹೋದಾಗ ಒಂದೊಂದು ನಿಮಿಷವೂ ಮುಖ್ಯ. ಮೊದಲು 1930ಕ್ಕೆ ಕರೆ ಮಾಡಿ. ವಂಚಕನ ಖಾತೆಯಿಂದ ಹಣ ಬೇರೆಡೆಗೆ ಸಾಗುವ ಮುಂಚೆ ತಡೆಹಿಡಿಯಲು ಬ್ಯಾಂಕುಗಳಿಗೆ ಅಲ್ಲಿಂದಲೇ ಸೂಚನೆ ಹೋಗುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಅದೇ ಹೊತ್ತಿಗೆ ನಿಮ್ಮ ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವರ ಸೋರಿಕೆಯಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದ್ದರೆ ನಿಮ್ಮ ಹೊಣೆ ಸೊನ್ನೆ. ಇದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಿಂದ ಬಂದ ರಕ್ಷಣೆ. 4ರಿಂದ 7 ಕೆಲಸದ ದಿನಕ್ಕೆ ಹೋದರೆ ಒಂದಿಷ್ಟು ಹೊಣೆ ನಿಮ್ಮ ಮೇಲೆ ಬೀಳುತ್ತದೆ, ಆಮೇಲೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಹೇಗಿದೆಯೋ ಹಾಗೆ. ಒಟಿಪಿಯನ್ನು ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ನಾಚಿಕೆಯಿಂದ ಮುಚ್ಚಿಟ್ಟು ಕೂರುವವರಿಗೆ ಈ ವಾಕ್ಯವನ್ನು ಓದಿ ಹೇಳಿ: ತಪ್ಪು ನಮ್ಮದೇ ಆದರೂ ಬೇಗ ಹೇಳಿದಷ್ಟು ಹಣ ಉಳಿಯುತ್ತದೆ.

ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಹೋಗಿ. ಅವರ ಸಿಎಂಎಸ್ ಪೋರ್ಟಲ್‌ನಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಮಾಹಿತಿಗೆ 14448.

ಬೆದರಿಕೆ, ಬ್ಲ್ಯಾಕ್‌ಮೇಲ್, ನಿಮ್ಮ ಹೆಸರಿನಲ್ಲಿ ನಕಲಿ ಖಾತೆ, ತಿರುಚಿದ ಫೋಟೊ ಹರಿಬಿಡುವುದು ಇವು ಪೊಲೀಸ್ ಕೆಲಸ. ಐಟಿ ಕಾಯ್ದೆಯ 66ಸಿ ಬೇರೆಯವರ ಪಾಸ್‌ವರ್ಡ್, ಗುರುತು ಕದ್ದು ಬಳಸುವುದನ್ನೂ, 66ಇ ಖಾಸಗಿ ಅಂಗಗಳ ಚಿತ್ರ ತೆಗೆದು ಹಂಚುವುದನ್ನೂ, 72ಎ ಸೇವೆ ಕೊಡುವಾಗ ಕೈಗೆ ಬಂದ ವೈಯಕ್ತಿಕ ಮಾಹಿತಿಯನ್ನು ಒಪ್ಪಂದ ಮುರಿದು ಬಿಟ್ಟುಕೊಡುವುದನ್ನೂ ಅಪರಾಧವೆನ್ನುತ್ತವೆ. ಮೂರಕ್ಕೂ 3 ವರ್ಷದವರೆಗೆ ಜೈಲು. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ, ಸೈಬರ್ ಪ್ರಕರಣಗಳನ್ನು ನೋಡುವುದು ಅವೇ. ಹತ್ತಿರದ ಸಾಮಾನ್ಯ ಠಾಣೆಗೆ ಹೋದರೂ ವ್ಯಾಪ್ತಿಯ ನೆಪ ಹೇಳಿ ವಾಪಸ್ ಕಳಿಸುವಂತಿಲ್ಲ. ಘಟನೆ ಎಲ್ಲೇ ನಡೆದಿರಲಿ ದೂರು ದಾಖಲಿಸಿಕೊಳ್ಳಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ. ಆನ್‌ಲೈನ್‌ನಲ್ಲಿ ದೂರು ಕಳಿಸಿದರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಿ.

ಹಣ ಕೊಟ್ಟು ಪಡೆದ ಸರಕು ಅಥವಾ ಸೇವೆಯವರು ನಂಬಿ ಕೊಟ್ಟ ಮಾಹಿತಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರೆ ಅದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಇದು ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲದ, ಹೆಸರು ಮತ್ತು ಫೋನ್ ನಂಬರಿಗೂ ಅನ್ವಯವಾಗುವ ಸಾಧನ. ಆದರೂ ಬಳಸುವವರು ಕಡಿಮೆ ಎಂಬುದು ನನ್ನ ಬೇಸರ. ಕಂಪನಿ ಮುಂಬೈಯಲ್ಲೋ ಗುರುಗ್ರಾಮದಲ್ಲೋ ಇದ್ದರೂ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೇ ಇಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗಕ್ಕೆ ಅಧಿಕಾರ. ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು, ವಾದವನ್ನೂ ನೀವೇ ಮಾಡಬಹುದು. ದುಡ್ಡು ಕೊಡದ ಉಚಿತ ಆ್ಯಪ್ ವಿಷಯದಲ್ಲಿ ನೀವು "ಗ್ರಾಹಕ" ಹೌದೋ ಅಲ್ಲವೋ ಎಂಬ ತಕರಾರು ಏಳುತ್ತದೆ. ಅಲ್ಲಿ ಮುಂದಿನ ಬಾಗಿಲೇ ಮೇಲು.

ಆ ಮುಂದಿನ ಬಾಗಿಲು ಐಟಿ ಕಾಯ್ದೆಯ ನ್ಯಾಯನಿರ್ಣಯ ಅಧಿಕಾರಿ. ರಾಜ್ಯ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರೇ ಈ ಅಧಿಕಾರಿ ಎಂಬುದು ಬಹುಪಾಲು ಜನಕ್ಕೆ ಗೊತ್ತಿಲ್ಲ. 43ಎ ಪ್ರಕಾರ 5 ಕೋಟಿ ರೂಪಾಯಿವರೆಗಿನ ಪರಿಹಾರದ ಕೋರಿಕೆಯನ್ನು ಇವರು ವಿಚಾರಿಸುತ್ತಾರೆ. ಇಲ್ಲಿ ಮೂರು ಸಂಗತಿ ತೋರಿಸಬೇಕು: ಕಂಪನಿಯ ಬಳಿ ನಿಮ್ಮ ಸೂಕ್ಷ್ಮ ಮಾಹಿತಿ ಇತ್ತು, ಅದನ್ನು ಕಾಪಾಡುವುದರಲ್ಲಿ ಅಸಡ್ಡೆ ಆಯಿತು, ಅದರಿಂದ ನಿಮಗೆ ನಷ್ಟವಾಯಿತು. ಮೂರನೆಯದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆಯ ಬಿಲ್, ಕೆಲಸ ಹೋಗಿದ್ದರೆ ಅದರ ಪತ್ರ ಎಲ್ಲ ಸೇರಿಸಿ. ದೊಡ್ಡ ಮೊತ್ತವಾದರೆ ವಕೀಲರನ್ನು ಕಾಣುವುದು ಒಳ್ಳೆಯದು.

ಕಿರಿಕಿರಿ ಕೊಡುವ ಮಾರಾಟದ ಕರೆಗಳಿಗೆ ಇಷ್ಟೆಲ್ಲ ಬೇಡ. 1909ಕ್ಕೆ ಎಸ್ಎಂಎಸ್ ಅಥವಾ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಸಾಕು. ಕರೆ ಬಂದ 7 ದಿನದೊಳಗೆ ದೂರು ಕೊಡಿ.

ಮಕ್ಕಳು, ವೃದ್ಧರು, ದೂರದಲ್ಲಿರುವವರು

ಹೊಸ ಕಾಯ್ದೆಯಲ್ಲಿ ನನಗೆ ತುಂಬ ಮೆಚ್ಚುಗೆಯಾದ ಭಾಗ ಮಕ್ಕಳದು. 18 ತುಂಬದವರ ಮಾಹಿತಿ ಪಡೆಯಲು ತಂದೆ ತಾಯಿಯ ಅಥವಾ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅವರ ಬೆನ್ನು ಹತ್ತಿ ಚಲನವಲನ ಗಮನಿಸುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಶಾಲೆ, ಆಸ್ಪತ್ರೆಗಳಿಗೆ ಅಗತ್ಯದ ಮಟ್ಟಿಗೆ ವಿನಾಯಿತಿ ಇದೆ. ಮುರಿದರೆ 200 ಕೋಟಿವರೆಗೆ ದಂಡ. 2027ರ ಮೇವರೆಗೆ ಇದು ನಿಮ್ಮದೇ ಜವಾಬ್ದಾರಿ: ಮಗುವಿನ ಆನ್‌ಲೈನ್ ಕ್ಲಾಸಿನ ಆ್ಯಪ್, ಆಟದ ಆ್ಯಪ್ ತೆರೆದು ಲೊಕೇಶನ್, ಮೈಕ್ ಪರ್ಮಿಷನ್ ಈಗಲೇ ಮುಚ್ಚಿ.

ಇನ್ನೊಂದು, ಜನ ಅಷ್ಟಾಗಿ ಮಾತಾಡದ ಹಕ್ಕು ನಾಮನಿರ್ದೇಶನ. ಬ್ಯಾಂಕ್ ಖಾತೆಗೆ ನಾಮಿನಿ ಇದ್ದಂತೆ, ನೀವು ತೀರಿಕೊಂಡರೆ ಅಥವಾ ನಿಮಗೆ ಶಕ್ತಿ ಇಲ್ಲದಾದರೆ ನಿಮ್ಮ ಮಾಹಿತಿಯ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ಹೆಸರಿಸಬಹುದು. ತೀರಿಹೋದ ತಂದೆಯ ಖಾತೆ ಮುಚ್ಚಿಸಲು ಆ್ಯಪ್‌ನವರ ಬೆನ್ನು ಬಿದ್ದು ಸೋತ ಮಕ್ಕಳಿಗೆ ಇದರ ಬೆಲೆ ಗೊತ್ತು.

ಯುರೋಪಿನಲ್ಲಿರುವ ಕನ್ನಡಿಗರಿಗೆ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್, ಅಂದರೆ ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನು ಇದೆ. ನಿಮ್ಮ ಬಗ್ಗೆ ಏನಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರಿಸಬೇಕು, ನಷ್ಟವಾದರೆ ಪರಿಹಾರವನ್ನೂ ಕೇಳಬಹುದು. ನಮ್ಮಲ್ಲಿ ಕೈಬಿಟ್ಟದ್ದು ಅಲ್ಲಿ 82ನೇ ವಿಧಿಯಾಗಿ ಉಳಿದಿದೆ.

2027ರ ಮೇ ನಂತರ

ಆಗ ಕ್ರಮ ಬದಲಾಗುತ್ತದೆ. ಒಪ್ಪಿಗೆ ಕೇಳುವ ಸಂಸ್ಥೆ ಯಾವ ಮಾಹಿತಿ, ಯಾವ ಕೆಲಸಕ್ಕೆ ಎಂಬುದನ್ನು ಬಿಡಿಸಿ ಹೇಳಬೇಕು, ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಕನ್ನಡದಲ್ಲಿ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಅರ್ಥವಾಗದ ಭಾಷೆಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಆಗಬೇಕು. ಸೋರಿಕೆಯಾದರೆ ವಿಳಂಬ ಮಾಡದೆ ನಿಮಗೆ ತಿಳಿಸಬೇಕು, 72 ಗಂಟೆಯೊಳಗೆ ಮಂಡಳಿಗೆ ವಿವರ ಕೊಡಬೇಕು. ಕೋಟಿಗಟ್ಟಲೆ ಬಳಕೆದಾರರಿರುವ ಇ-ಕಾಮರ್ಸ್, ಸಾಮಾಜಿಕ ಜಾಲತಾಣಗಳು ನೀವು 3 ವರ್ಷ ಅತ್ತ ಸುಳಿಯದಿದ್ದರೆ 48 ಗಂಟೆ ಮುಂಚೆ ತಿಳಿಸಿ ಮಾಹಿತಿ ಅಳಿಸಬೇಕು.

ದೂರಿನ ದಾರಿ ಹೀಗಿರುತ್ತದೆ: ಮೊದಲು ಸಂಸ್ಥೆಗೆ ಬರೆಯಬೇಕು, ಅವರಿಗೆ ಹೆಚ್ಚೆಂದರೆ 90 ದಿನ. ಆಮೇಲೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಆನ್‌ಲೈನ್‌ನಲ್ಲೇ ದೂರು. ಅದರ ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ದೂರಸಂಪರ್ಕ ವ್ಯಾಜ್ಯ ಮೇಲ್ಮನವಿ ನ್ಯಾಯಮಂಡಳಿ. ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟವರಿಗೆ 10,000 ರೂಪಾಯಿವರೆಗೆ ದಂಡ ಇದೆ. ನಿಜವಾದ ದೂರಿರುವವರು ಇದಕ್ಕೆ ಹೆದರಬೇಕಿಲ್ಲ. ಸರ್ಕಾರಿ ಸಂಸ್ಥೆಗಳಿಗೆ ಈ ಕಾಯ್ದೆ ವಿಶಾಲ ವಿನಾಯಿತಿಗೆ ದಾರಿ ಬಿಟ್ಟಿದೆ, ಅದು ಇದರ ದೊಡ್ಡ ದೌರ್ಬಲ್ಯ. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಗೆ ಮಾಡಿದ ತಿದ್ದುಪಡಿ ಈಗಾಗಲೇ ಜಾರಿಯಾಗಿದ್ದು, "ವೈಯಕ್ತಿಕ ಮಾಹಿತಿ" ಎಂದು ಹೇಳಿ ಕಚೇರಿಗಳು ಉತ್ತರ ನಿರಾಕರಿಸುವುದು ಸುಲಭವಾಗಿದೆ. ಹಾಗೆ ನಿರಾಕರಿಸಿದರೆ ಸಾರ್ವಜನಿಕ ಹಿತಕ್ಕಾಗಿ ಕೊಡಬಹುದು ಎನ್ನುವ 8(2) ಇನ್ನೂ ಉಳಿದಿದೆ, ಮೇಲ್ಮನವಿಯಲ್ಲಿ ಅದನ್ನು ಹೆಸರಿಸಿ ಕೇಳಿ.

ಈಗಾಗಲೇ ಸೋರಿಕೆಯಿಂದ ನಷ್ಟ ಅನುಭವಿಸಿರುವವರು ಮಾತ್ರ ಆ ಮೇ ತಿಂಗಳಿಗೆ ಕಾಯುತ್ತ ಕೂರಬೇಡಿ. ಕಂಪನಿಗೆ ಈ ವಾರವೇ ಪತ್ರ ಬರೆಯಿರಿ, ಒಂದು ತಿಂಗಳು ನೋಡಿ, 43ಎ ಅಡಿಯ ಅರ್ಜಿಯನ್ನು ಆ ಸೆಕ್ಷನ್ ಪುಸ್ತಕದಲ್ಲಿರುವಾಗಲೇ ನ್ಯಾಯನಿರ್ಣಯ ಅಧಿಕಾರಿಯ ಕಚೇರಿಯಲ್ಲಿ ದಾಖಲಿಸಿ ಸ್ವೀಕೃತಿ ಪಡೆಯಿರಿ.